ಸೋತ ರಾತ್ರಿಯ ಗೆಲುವಿನ ಸುದ್ದಿ

ಆಡಳಿತ ಪಕ್ಷವೊಂದು ದೇಶದ ಉದ್ದಗಲಕ್ಕೂ ಸೋಲುತ್ತದೆ. ಎದುರಾಳಿಗೆ ನೂರಕ್ಕೆ 44 ಮತ, ತನಗೆ 33. ಇನ್ನೂರಕ್ಕೂ ಹೆಚ್ಚು ಸ್ಥಾನಗಳು ಕೈಬಿಟ್ಟಿವೆ. ಬೆಳಗಾದರೆ ಪಕ್ಷದ ಅಧ್ಯಕ್ಷರು ನಗುನಗುತ್ತ ಕ್ಯಾಮೆರಾ ಮುಂದೆ ಬರುತ್ತಾರೆ. ಪತ್ರಿಕೆಗಳು ಅವರ ಗೆಲುವನ್ನು ಮುಖಪುಟದಲ್ಲಿ ಕೊಂಡಾಡುತ್ತವೆ. ನಾಯಕಿಯನ್ನು ಕುರ್ಚಿಯಿಂದ ಇಳಿಸಲು ಹೊಂಚು ಹಾಕುತ್ತಿದ್ದವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. 1990ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು ಇದೇ. ಸೋತ ಪಕ್ಷ ಕನ್ಸರ್ವೇಟಿವ್, ಎದುರಾಳಿ ಲೇಬರ್. ನಾಯಕಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಅಧ್ಯಕ್ಷ ಕೆನ್ನೆತ್ ಬೇಕರ್. ಇದರಲ್ಲಿ ಯಾರೂ ಒಂದು ಅಂಕಿಯನ್ನೂ ತಿದ್ದಲಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ.

ಆ ವರ್ಷದ ವಸಂತಕ್ಕೆ ಥ್ಯಾಚರ್ ಅಧಿಕಾರಕ್ಕೆ ಬಂದು 11 ವರ್ಷ ತುಂಬುತ್ತಿತ್ತು. ಮೂರು ಸಾರ್ವತ್ರಿಕ ಚುನಾವಣೆಗಳನ್ನು ಸಾಲಾಗಿ ಗೆದ್ದಿದ್ದ ಆಕೆಗೆ ಈಗ ಕಾಲ ಕೂಡಿ ಬರುತ್ತಿರಲಿಲ್ಲ. ಬಡ್ಡಿ ದರ ಶೇ. 15ರಲ್ಲಿ ನಿಂತಿತ್ತು. ಸಾಲ ಮಾಡಿ ಮನೆ ಕೊಂಡ ಮಧ್ಯಮ ವರ್ಗದವರು, ಅಂದರೆ ಆಕೆಯದೇ ಮತದಾರರು, ತಿಂಗಳ ಕಂತು ಕಟ್ಟಲಾರದೆ ಒದ್ದಾಡುತ್ತಿದ್ದರು. ಹಣದುಬ್ಬರ ಏಪ್ರಿಲ್‌ನಲ್ಲಿ ಶೇ. 9 ದಾಟಿತ್ತು. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಹಣಕಾಸು ಮಂತ್ರಿ ನೈಜೆಲ್ ಲಾಸನ್ ರಾಜೀನಾಮೆ ಬಿಸಾಡಿ ಹೋಗಿದ್ದರು. ಡಿಸೆಂಬರ್‌ನಲ್ಲಿ ಹೆಚ್ಚು ಜನರಿಗೆ ಹೆಸರೇ ಗೊತ್ತಿಲ್ಲದ ಸರ್ ಆಂತೊನಿ ಮೇಯರ್ ಎಂಬ ಹಿಂದಿನ ಸಾಲಿನ ಸಂಸದ ನಾಯಕತ್ವಕ್ಕೆ ಸ್ಪರ್ಧಿಸಿ 33 ಮತ ಪಡೆದರು. ಥ್ಯಾಚರ್‌ಗೆ ಬಂದದ್ದು 314. ಲೆಕ್ಕಕ್ಕೆ ಭಾರಿ ಗೆಲುವೇ. ಆದರೆ ಕುಲಗೆಟ್ಟ ಮತಗಳನ್ನೂ ಗೈರುಹಾಜರಿಯನ್ನೂ ಸೇರಿಸಿದರೆ ಸ್ವಂತ ಪಕ್ಷದ 60 ಸಂಸದರು ಆಕೆಯ ಜೊತೆ ನಿಲ್ಲಲಿಲ್ಲ. ಮೇಯರ್ ಬರೀ ಮುಂಗೋಳಿ. ನಿಜವಾದ ಸ್ಪರ್ಧಿ ಬೇರೊಬ್ಬರಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. 1986ರಲ್ಲಿ ಸಂಪುಟ ಸಭೆಯಿಂದ ಎದ್ದು ಹೊರನಡೆದಿದ್ದ ಮೈಕಲ್ ಹೆಸೆಲ್ಟೈನ್ ಊರೂರು ಸುತ್ತಿ ಪಕ್ಷದ ಊಟದ ಸಭೆಗಳಲ್ಲಿ ಭಾಷಣ ಮಾಡುತ್ತ, ಸಂಸದರ ಹೆಗಲ ಮೇಲೆ ಕೈ ಹಾಕುತ್ತ, ತಾನಾಗಿ ಮಾತ್ರ ಏನೂ ಬಾಯಿಬಿಡದೆ ಕಾಯುತ್ತಿದ್ದರು.

ಇದೆಲ್ಲದರ ಮೇಲೆ ಬಂದು ಬಿದ್ದದ್ದು ತಲೆಗಂದಾಯ.

ಅಲ್ಲಿಯವರೆಗೆ ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳಿಗೆ ಜನ ಕಟ್ಟುತ್ತಿದ್ದದ್ದು ನಮ್ಮ ಮನೆ ಕಂದಾಯದಂಥದ್ದೇ ಒಂದು ತೆರಿಗೆ. ದೊಡ್ಡ ಮನೆಗೆ ಹೆಚ್ಚು, ಸಣ್ಣ ಮನೆಗೆ ಕಡಿಮೆ. ಥ್ಯಾಚರ್‌ಗೆ ಅದು ಹಿಡಿಸಿರಲಿಲ್ಲ. ಮನೆಯೊಡೆಯ ಮಾತ್ರ ತೆರಿಗೆ ಕಟ್ಟುತ್ತಾನೆ, ಮತ ಹಾಕುವವರು ಮನೆಯಲ್ಲಿರುವ ಎಲ್ಲರೂ. ಹಾಗಾಗಿ ದುಂದು ಮಾಡುವ ಕೌನ್ಸಿಲ್‌ಗಳನ್ನು ಜನ ಮತ್ತೆ ಮತ್ತೆ ಆರಿಸುತ್ತಾರೆ ಎಂಬುದು ಆಕೆಯ ವಾದ. 1985ರ ಮಾರ್ಚ್ 31ರಂದು ಪ್ರಧಾನಿಯ ಹಳ್ಳಿ ನಿವಾಸ ಚೆಕರ್ಸ್‌ನಲ್ಲಿ ಇದಕ್ಕೆ ಪರಿಹಾರ ಮಂಡನೆಯಾಯಿತು: ವಯಸ್ಕರೆಲ್ಲರಿಗೂ ತಲೆಗಿಷ್ಟೆಂದು ಒಂದೇ ದರ. ಮಂಡಿಸಿದವರಲ್ಲಿ ಮುಖ್ಯರು ಇಬ್ಬರು ಮಂತ್ರಿಗಳು, ವಿಲಿಯಂ ವಾಲ್ಡ್‌ಗ್ರೇವ್ ಮತ್ತು ಕೆನ್ನೆತ್ ಬೇಕರ್. ಹೌದು, ಅದೇ ಬೇಕರ್. ಐದು ವರ್ಷದ ನಂತರ ಈ ತೆರಿಗೆಯ ಬಿಸಿಯಿಂದ ಪಕ್ಷವನ್ನು ಪಾರು ಮಾಡುವ ಹೊಣೆ ಬಿದ್ದದ್ದು ಅದನ್ನು ಹುಟ್ಟಿಸಿದವರ ತಲೆಗೇ.

ಅಧಿಕೃತವಾಗಿ ಅದಕ್ಕೆ ಸಮುದಾಯ ಶುಲ್ಕ ಎಂಬ ಮೆತ್ತನೆಯ ಹೆಸರಿತ್ತು. ಸ್ಕಾಟ್ಲೆಂಡಿನಲ್ಲಿ 1989ರ ಏಪ್ರಿಲ್‌ನಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ಏಪ್ರಿಲ್ 1ರಿಂದ ಜಾರಿ. ತಲೆಗೆ ಸುಮಾರು 278 ಪೌಂಡ್ ಬೀಳಬಹುದೆಂದು ಸರ್ಕಾರ ಅಂದಾಜಿಸಿತ್ತು. ಕೌನ್ಸಿಲ್‌ಗಳು ಬಿಲ್ಲು ಕಳಿಸಿದಾಗ ಸರಾಸರಿ 363ಕ್ಕೆ ಬಂದು ನಿಂತಿತು. ಗಂಡ, ಹೆಂಡತಿ, ದುಡಿಯುವ ಮಗ ಇರುವ ಮನೆಗೆ ಸಾವಿರ ಪೌಂಡಿಗೂ ಹೆಚ್ಚು. ಅರಮನೆಯಲ್ಲಿರುವ ಡ್ಯೂಕ್‌ಗೂ ಅವನ ಬೀದಿಯ ಕಸ ಎತ್ತುವವನಿಗೂ ಒಂದೇ ಮೊತ್ತ. ಮಾರ್ಚ್ 22ರಂದು ಮಿಡ್ ಸ್ಟಾಫರ್ಡ್‌ಶೈರ್ ಉಪಚುನಾವಣೆ ನಡೆಯಿತು. ಹಿಂದಿನ ಸಲ 14,000 ಮತಗಳಿಗೂ ಹೆಚ್ಚಿನ ಅಂತರದಲ್ಲಿ ಗೆದ್ದಿದ್ದ ಕನ್ಸರ್ವೇಟಿವ್ ಪಕ್ಷ ಈ ಸಲ 9,000ಕ್ಕೂ ಹೆಚ್ಚಿನ ಅಂತರದಲ್ಲಿ ಸೋತಿತು. ಮಾರ್ಚ್ 31ರಂದು, ಚೆಕರ್ಸ್ ಸಭೆ ನಡೆದು ಸರಿಯಾಗಿ ಐದು ವರ್ಷವಾದ ದಿನ, ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಸುಮಾರು 2 ಲಕ್ಷ ಜನ ಮೆರವಣಿಗೆಯಲ್ಲಿ ಬಂದರು. ಸಂಜೆಯ ಹೊತ್ತಿಗೆ ಗಲಭೆ. ಚೌಕದ ಪಕ್ಕದ ಕಟ್ಟಡ ಕೆಲಸದ ತಗಡಿನ ಕೋಣೆಗಳು ಹೊತ್ತಿ ಉರಿದವು, ಕುದುರೆ ಪೊಲೀಸರು ನುಗ್ಗಿದರು, 300ಕ್ಕೂ ಹೆಚ್ಚು ಜನರ ಬಂಧನವಾಯಿತು. ಅಭಿಪ್ರಾಯ ಸಮೀಕ್ಷೆಗಳಲ್ಲಿ ಲೇಬರ್ ಪಕ್ಷ 20 ಅಂಶಗಳಿಗೂ ಹೆಚ್ಚು ಮುಂದಿತ್ತು.

ಐದು ವಾರಕ್ಕೆ ಸ್ಥಳೀಯ ಚುನಾವಣೆ. ಲಂಡನ್ನಿನ 32 ಬರೋಗಳು (ನಗರದೊಳಗಿನ ಆಡಳಿತ ವಿಭಾಗಗಳು), ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್‌ನಂಥ 36 ಮಹಾನಗರ ಕೌನ್ಸಿಲ್‌ಗಳು, ನೂರಕ್ಕೂ ಹೆಚ್ಚು ಜಿಲ್ಲಾ ಕೌನ್ಸಿಲ್‌ಗಳು, ಜೊತೆಗೆ ಸ್ಕಾಟ್ಲೆಂಡಿನ ಪ್ರಾದೇಶಿಕ ಕೌನ್ಸಿಲ್‌ಗಳು. ಸೋಲು ಖಚಿತವೆಂದು ಪಕ್ಷದ ಕಚೇರಿಗೆ ಗೊತ್ತಿತ್ತು. ಆ ಸೋಲು ಎಷ್ಟು ದೊಡ್ಡದೆಂದು ಕಾಣಬೇಕು ಎಂಬುದಷ್ಟೇ ಉಳಿದಿದ್ದ ಪ್ರಶ್ನೆ.

ಬೇಕರ್ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದ ಮನುಷ್ಯ. ಎಣ್ಣೆ ಹಾಕಿ ಬಾಚಿದ ಕೂದಲು, ಮಾಸದ ನಗೆ, ಕವನ ಸಂಕಲನಗಳನ್ನು ಸಂಪಾದಿಸುವಷ್ಟು ಸಾಹಿತ್ಯದ ಗೀಳು. ಟಿವಿಯ ಗೊಂಬೆಯಾಟದ ವಿಡಂಬನೆ ‘ಸ್ಪಿಟಿಂಗ್ ಇಮೇಜ್’ ಅವರನ್ನು ಜಾರುವ ಬಸವನಹುಳುವಾಗಿ ತೋರಿಸುತ್ತಿತ್ತು. ಅವರು ಕಂಡುಕೊಂಡಿದ್ದ ಸತ್ಯ ಸರಳವಾದದ್ದು. ಸ್ಥಳೀಯ ಚುನಾವಣೆಗೆ ಸಾರ್ವತ್ರಿಕ ಚುನಾವಣೆಯ ಹಾಗೆ ಒಂದು ಸ್ಪಷ್ಟವಾದ ಗೆರೆ ಇಲ್ಲ. ಅಲ್ಲಿ ಬಹುಮತ ಬಂತೇ ಇಲ್ಲವೇ ಎಂದು ಕೇಳಿದರೆ ಮುಗಿಯಿತು. ಇಲ್ಲಿ ಸಾವಿರಾರು ವಾರ್ಡ್‌ಗಳು, ನೂರಾರು ಕೌನ್ಸಿಲ್‌ಗಳು. ಯಾವುದನ್ನು ನೋಡಿ ಗೆಲುವು ಎನ್ನಬೇಕು, ಯಾವುದನ್ನು ನೋಡಿ ಸೋಲು ಎನ್ನಬೇಕು ಎಂದು ಯಾರೋ ಒಬ್ಬರು ಮುಂಚಿತವಾಗಿ ಹೇಳಿಬಿಡಬೇಕಾಗುತ್ತದೆ. ಹೇಳಿದವರ ಮಾತೇ ನಡೆಯುತ್ತದೆ.

ಕರ್ನಾಟಕದ ಓದುಗರಿಗೆ ಇದು ಹೊಸತೇನಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಗಳು ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಫಲಿತಾಂಶದ ಸಂಜೆ ಎಲ್ಲ ಪಕ್ಷದವರೂ ತಮ್ಮ ‘ಬೆಂಬಲಿತ ಅಭ್ಯರ್ಥಿ’ಗಳ ಪಟ್ಟಿ ಹಿಡಿದು ಪತ್ರಿಕಾಗೋಷ್ಠಿ ಕರೆಯುತ್ತಾರೆ. ಎಲ್ಲರ ಲೆಕ್ಕ ಕೂಡಿಸಿದರೆ ರಾಜ್ಯದಲ್ಲಿ ಇರುವ ಸ್ಥಾನಗಳೇ ಸಾಲವು. ಬೇಕರ್‌ಗೆ ಆ ಅನುಕೂಲ ಇರಲಿಲ್ಲ. ಅಲ್ಲಿ ಚಿಹ್ನೆ ಇತ್ತು, ಲೆಕ್ಕ ಪಕ್ಕಾ ಇತ್ತು. ಅದಕ್ಕೇ ಅವರು ಲೆಕ್ಕಕ್ಕೆ ಕೈ ಹಾಕದೆ ಜಾಗ ಆರಿಸಿಕೊಂಡರು.

ಆರಿಸಿದ ಜಾಗಗಳು ಎರಡು, ಎರಡೂ ಲಂಡನ್ನಿನವು: ವಾಂಡ್ಸ್‌ವರ್ತ್ ಮತ್ತು ವೆಸ್ಟ್‌ಮಿನ್‌ಸ್ಟರ್.

ವಾಂಡ್ಸ್‌ವರ್ತ್ ಥೇಮ್ಸ್ ನದಿಯ ದಕ್ಷಿಣಕ್ಕಿದೆ. ಬ್ಯಾಟರ್ಸೀ, ಪಟ್ನಿ, ದೋಸೆ ತಿನ್ನಲು ನಮ್ಮವರು ಹುಡುಕಿಕೊಂಡು ಹೋಗುವ ಟೂಟಿಂಗ್ ಎಲ್ಲ ಸೇರಿದ ಬರೋ. ಒಂದು ಕಾಲಕ್ಕೆ ಕಾರ್ಮಿಕರ ಪ್ರದೇಶ. 1978ರಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದ ಮೇಲೆ ಥ್ಯಾಚರ್ ಸಿದ್ಧಾಂತದ ಪ್ರಯೋಗಶಾಲೆ. ಕಸ ಎತ್ತುವ ಕೆಲಸ ಖಾಸಗಿಯವರಿಗೆ ಹೋಯಿತು, ಕೌನ್ಸಿಲ್ ಒಡೆತನದ ಬಾಡಿಗೆ ಮನೆಗಳು ಸಾಲುಸಾಲಾಗಿ ಮಾರಾಟವಾದವು, ಹಳೆಯ ಇಟ್ಟಿಗೆ ಮನೆಗಳಿಗೆ ಬ್ಯಾಂಕು, ಕಂಪನಿಗಳಲ್ಲಿ ದುಡಿಯುವ ಯುವಕರು ಬಂದು ಸೇರಿಕೊಂಡರು. ಆದರೂ 1986ರ ಚುನಾವಣೆಯಲ್ಲಿ ಪಕ್ಷ ಉಳಿದದ್ದು 31–30ರಲ್ಲಿ, ಒಂದೇ ಒಂದು ಸ್ಥಾನದಿಂದ. 1990ರಲ್ಲಿ ಸರ್ ಪಾಲ್ ಬೆರೆಸ್ಫರ್ಡ್ ನಾಯಕತ್ವದ ಕೌನ್ಸಿಲ್ ತಲೆಗಂದಾಯವನ್ನು 148 ಪೌಂಡ್ ಎಂದು ಘೋಷಿಸಿತು. ದೇಶದಲ್ಲೇ ಕಡಿಮೆ.

ಪಕ್ಕದ ಬರೋ ಲ್ಯಾಂಬೆತ್, ಲೇಬರ್ ಕೈಯಲ್ಲಿದ್ದದ್ದು. ಅಲ್ಲಿ ತಲೆಗೆ 500 ಪೌಂಡ್ ಮೀರಿತ್ತು. ಗಡಿ ಹಾದುಹೋಗುವ ಬೀದಿಗಳಲ್ಲಿ ಒಂದು ಬದಿಯ ದಂಪತಿ ವರ್ಷಕ್ಕೆ 296 ಪೌಂಡ್ ಕಟ್ಟಿದರೆ ಎದುರು ಬದಿಯ ದಂಪತಿ ಸಾವಿರಕ್ಕೂ ಮೇಲೆ. ಮನೆ ಒಂದೇ ಥರ, ಬೀದಿ ದೀಪ ಒಂದೇ ಥರ. ಇದಕ್ಕಿಂತ ಒಳ್ಳೆಯ ಚುನಾವಣಾ ಕರಪತ್ರವನ್ನು ಯಾವ ಜಾಹೀರಾತು ಕಂಪನಿ ಬರೆದೀತು?

ಆ ಅಂತರದ ಹಿಂದಿನ ಯಂತ್ರವನ್ನು ಮಾತ್ರ ಕರಪತ್ರ ತೋರಿಸುವುದಿಲ್ಲ. ಕೌನ್ಸಿಲ್ ಖರ್ಚಿನ ಸುಮಾರು ಕಾಲುಭಾಗ ಮಾತ್ರ ತಲೆಗಂದಾಯದಿಂದ ಬರುತ್ತಿತ್ತು. ಉಳಿದದ್ದು ಹೆಚ್ಚಾಗಿ ಕೇಂದ್ರ ಸರ್ಕಾರ ಕೊಡುವುದು, ಹಂಚುವುದು. ಆದ್ದರಿಂದ ಸರ್ಕಾರ ಒಪ್ಪಿದ ಮಟ್ಟಕ್ಕಿಂತ ಕೌನ್ಸಿಲ್ ಶೇ. 1ರಷ್ಟು ಹೆಚ್ಚು ಖರ್ಚು ಮಾಡಿದರೆ ತೆರಿಗೆ ಶೇ. 4ರ ಹತ್ತಿರ ಏರುತ್ತಿತ್ತು. ಕಡಿಮೆ ಖರ್ಚು ಮಾಡಿದರೆ, ಇಲ್ಲವೇ ಅನುದಾನದ ಸೂತ್ರ ತನ್ನ ಕಡೆ ವಾಲಿದರೆ, ಅಷ್ಟೇ ವೇಗದಲ್ಲಿ ಇಳಿಯುತ್ತಿತ್ತು. ಸೂತ್ರ ಬರೆಯುವವರು ಕೇಂದ್ರ ಸರ್ಕಾರದ ಕಚೇರಿಗಳಿರುವ ವೈಟ್‌ಹಾಲ್‌ನಲ್ಲಿ ಕೂತವರು. ವಾಂಡ್ಸ್‌ವರ್ತ್, ವೆಸ್ಟ್‌ಮಿನ್‌ಸ್ಟರ್‌ಗಳ ಮೇಲೆ ಸರ್ಕಾರದ ಕೃಪಾದೃಷ್ಟಿ ಇದೆ ಎಂದು ಲೇಬರ್ ಪಕ್ಷ ಕೂಗುತ್ತಲೇ ಇತ್ತು. ಕೂಗು ಸುಳ್ಳೂ ಆಗಿರಲಿಲ್ಲ. ಆದರೆ ಅನುದಾನದ ಸೂತ್ರವನ್ನು ಎರಡು ನಿಮಿಷದ ಟಿವಿ ವರದಿಯಲ್ಲಿ ಬಿಡಿಸಿ ಹೇಳಲು ಹೋದವನಿಗೆ 148 ಎಂಬ ಅಂಕಿಯೊಡನೆ ಪೈಪೋಟಿ ಸಾಧ್ಯವಿಲ್ಲ.

ವೆಸ್ಟ್‌ಮಿನ್‌ಸ್ಟರ್‌ನ ಕಥೆ ಇನ್ನೂ ಗಾಢವಾದದ್ದು. ಪಾರ್ಲಿಮೆಂಟು, ಅರಮನೆ, ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿಗಳು ಇರುವ ಈ ಕೌನ್ಸಿಲ್‌ನ ನಾಯಕಿ ಲೇಡಿ ಶರ್ಲಿ ಪೋರ್ಟರ್, ಟೆಸ್ಕೊ ಅಂಗಡಿ ಸರಪಳಿಯ ಸ್ಥಾಪಕನ ಮಗಳು. 1986ರಲ್ಲಿ ಅವರ ಪಕ್ಷ 32–27ರಲ್ಲಿ ಹೇಗೋ ಉಳಿದುಕೊಂಡಿತ್ತು. ಕೆಲವೇ ವಾರ್ಡ್‌ಗಳಲ್ಲಿ ನೂರು ಚಿಲ್ಲರೆ ಮತ ಆಚೀಚೆ ಆಗಿದ್ದರೆ ಅಧಿಕಾರ ಹೋಗುತ್ತಿತ್ತು. ಹೆದರಿದ ಪೋರ್ಟರ್ ಮತ್ತು ಸಂಗಡಿಗರು ತೂಗುಯ್ಯಾಲೆಯಲ್ಲಿದ್ದ ಎಂಟು ವಾರ್ಡ್‌ಗಳನ್ನು ಗುರುತಿಸಿದರು. ಅಲ್ಲಿನ ಕೌನ್ಸಿಲ್ ಮನೆಗಳು ಖಾಲಿಯಾದಂತೆ ಬಡವರಿಗೆ ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿ, ಕೊಳ್ಳುವ ಶಕ್ತಿಯಿರುವವರಿಗೆ ಮಾರತೊಡಗಿದರು. ಕೊಳ್ಳುವವರು ಕನ್ಸರ್ವೇಟಿವ್ ಮತದಾರರಾಗುತ್ತಾರೆಂಬ ಲೆಕ್ಕಾಚಾರ. ಮನೆಯಿಲ್ಲದ ಕೆಲವು ಕುಟುಂಬಗಳನ್ನು ಕಲ್ನಾರು ತುಂಬಿದ ಎರಡು ಬಹುಮಹಡಿ ಕಟ್ಟಡಗಳಿಗೆ ಕಳಿಸಿದರು. 1989ರಲ್ಲಿ ಬಿಬಿಸಿಯ ‘ಪನೋರಮ’ ಇದನ್ನು ಬಯಲಿಗೆಳೆದಿತ್ತು. ಲೆಕ್ಕ ಪರಿಶೋಧಕರಿಗೆ ದೂರೂ ಹೋಗಿತ್ತು. ತಲೆಗಂದಾಯ ಇಲ್ಲಿ 195 ಪೌಂಡ್.

ಚುನಾವಣೆಗೆ ಮುಂಚಿನ ವಾರಗಳಲ್ಲಿ ಬೇಕರ್ ಈ ಎರಡು ಹೆಸರುಗಳನ್ನು ಬಿಡದೆ ಜಪಿಸಿದರು. ತಲೆಗಂದಾಯ ಎಂಬುದು ಕೌನ್ಸಿಲ್‌ಗಳಿಗೆ ಇಟ್ಟ ಪರೀಕ್ಷೆ. ಚೆನ್ನಾಗಿ ಆಡಳಿತ ನಡೆಸುವ ಕಡೆ ಜನ ಅದನ್ನು ಒಪ್ಪುತ್ತಾರೋ ಇಲ್ಲವೋ ನೋಡಲು ಇಲ್ಲಿಗೆ ಬನ್ನಿ ಎಂದರು. ಬ್ರಿಟನ್ನಿನ ರಾಷ್ಟ್ರೀಯ ಪತ್ರಿಕೆಗಳ, ಟಿವಿ ವಾಹಿನಿಗಳ ಕೇಂದ್ರ ಕಚೇರಿಗಳು ಲಂಡನ್ನಿನವೇ. ವಾಂಡ್ಸ್‌ವರ್ತ್‌ಗೆ ಹೋಗಲು ಭೂಗತ ರೈಲಿನ ಟಿಕೆಟ್ ಸಾಕು. ಉತ್ತರದ ಬ್ರಾಡ್‌ಫರ್ಡ್‌ಗೆ ಹೋಗಬೇಕಾದರೆ ಒಂದು ರಾತ್ರಿ ಹೋಟೆಲ್ ಖರ್ಚು. ಪಾರ್ಲಿಮೆಂಟಿನ ವರದಿಗಾರರ ಒಳಕೂಟದಲ್ಲಿ ಹೆಸರು ಹೇಳದೆ ಕೊಡುವ ವಿವರಣೆಗಳಿಂದಲೇ ರಾಜಕೀಯ ಸುದ್ದಿಯ ದಿಕ್ಕು ತೀರ್ಮಾನವಾಗುತ್ತಿದ್ದ ಕಾಲವದು. ಇನ್ನೊಂದು ಕಡೆ, ಸೋಲು ಭೀಕರವಾಗಲಿದೆ ಎಂಬ ಮಾತು ಹರಡುವುದನ್ನು ಪಕ್ಷ ತಡೆಯಲಿಲ್ಲ. ನಿರೀಕ್ಷೆ ತಳ ಕಂಡಷ್ಟೂ ಫಲಿತಾಂಶ ಎತ್ತರವಾಗಿ ಕಾಣುತ್ತದೆ.

ಲೇಬರ್ ಪಕ್ಷ ಈ ಬಲೆಗೆ ತಾನಾಗಿ ಬಿತ್ತೆಂದೇ ನನಗನ್ನಿಸುತ್ತದೆ. ನೀಲ್ ಕಿನ್ನಕ್ ನಾಯಕರು, ಪ್ರಚಾರದ ಹೊಣೆ ಹೊತ್ತವರು ಪೀಟರ್ ಮ್ಯಾಂಡೆಲ್ಸನ್. ಮಾಧ್ಯಮದ ನಾಡಿ ಹಿಡಿಯುವುದರಲ್ಲಿ ಮ್ಯಾಂಡೆಲ್ಸನ್ ಮುಂದೆ ದಂತಕಥೆಯಾದರು. ಆದರೂ 1986ರ ಒಂದು ಸ್ಥಾನದ ಅಂತರ ಕಣ್ಣಿಗೆ ಹಬ್ಬವಾಗಿ ಕಂಡು, ವಾಂಡ್ಸ್‌ವರ್ತ್ ನಮ್ಮದೇ ಎಂದು ಪಕ್ಷ ನಂಬಿತು. ಎದುರಾಳಿ ಆರಿಸಿದ ಕಣಕ್ಕೇ ಇಳಿಯಿತು.

ಮೇ 3ರ ರಾತ್ರಿ ಎಣಿಕೆ. ಲಂಡನ್ನಿನಲ್ಲಿ ಮತದಾನ ಶೇ. 48ರ ಆಸುಪಾಸು, ಸ್ಥಳೀಯ ಚುನಾವಣೆಯೆಂದರೆ ಮನೆಬಿಟ್ಟು ಹೊರಡದ ಆ ನಗರಕ್ಕೆ ಅದು ಹೆಚ್ಚೇ. ವಾಂಡ್ಸ್‌ವರ್ತ್‌ನಲ್ಲಿ ವಾರ್ಡ್ ಮೇಲೆ ವಾರ್ಡ್ ಕನ್ಸರ್ವೇಟಿವ್ ನೀಲಿಗೆ ತಿರುಗಿತು. ಕೊನೆಗೆ ಕನ್ಸರ್ವೇಟಿವ್ 48, ಲೇಬರ್ 13. ಒಂದು ಸ್ಥಾನದ ಬಹುಮತ 35 ಆಗಿತ್ತು. ವೆಸ್ಟ್‌ಮಿನ್‌ಸ್ಟರ್‌ನಲ್ಲೂ ಭಾರಿ ಬಹುಮತ. ಬೋನಸ್ಸಿನ ಹಾಗೆ ಈಲಿಂಗ್ ಕೂಡ ಲೇಬರ್ ಕೈತಪ್ಪಿತು. ಅಲ್ಲಿನ ಲೇಬರ್ ಕೌನ್ಸಿಲ್ 1987ರಲ್ಲಿ ಮನೆ ತೆರಿಗೆಯನ್ನು ಒಂದೇ ಏಟಿಗೆ ಅರ್ಧಕ್ಕೂ ಹೆಚ್ಚು ಏರಿಸಿತ್ತು, ಜನ ಮರೆತಿರಲಿಲ್ಲ. ಈಲಿಂಗ್ ಕಿನ್ನಕ್ ವಾಸವಿದ್ದ ಬರೋ ಬೇರೆ. ಕಾರ್ಟೂನಿಸ್ಟರಿಗೆ ಇನ್ನೇನು ಬೇಕು?

ಅದೇ ರಾತ್ರಿ ಉತ್ತರದಲ್ಲಿ ಬ್ರಾಡ್‌ಫರ್ಡ್ ಬಿತ್ತು. ಇದರ ತೂಕವನ್ನು ಸ್ವಲ್ಪ ನೋಡಬೇಕು. ಉಣ್ಣೆ ಗಿರಣಿಗಳ ಆ ನಗರದಲ್ಲಿ 1988ರಲ್ಲಿ ಕನ್ಸರ್ವೇಟಿವ್ ಪಕ್ಷ ನಗರದ ಲಾರ್ಡ್ ಮೇಯರ್ ಅವರ ನಿರ್ಣಾಯಕ ಮತದ ಬಲದಿಂದ ಅಧಿಕಾರ ಹಿಡಿದಿತ್ತು. ಎರಿಕ್ ಪಿಕಲ್ಸ್ ಎಂಬ ದಢೂತಿ ನಾಯಕ ಖರ್ಚಿಗೆ ಕತ್ತರಿ ಹಾಕಿ, ಇದನ್ನು ಉತ್ತರದ ವಾಂಡ್ಸ್‌ವರ್ತ್ ಮಾಡುತ್ತೇವೆಂದು ಹೊರಟಿದ್ದರು. ಪಕ್ಷ ಅದನ್ನೂ ಮಾದರಿಯೆಂದೇ ಮೆರೆಸಿತ್ತು. ಜನ ತೀರ್ಪು ಕೊಟ್ಟರು, ಲೇಬರ್ ಬಂತು. ದೇಶದ ಹೆಚ್ಚಿನ ಕಡೆ ನಡೆದದ್ದು ಬ್ರಾಡ್‌ಫರ್ಡ್‌ನ ಹಾಗೆ. ಸುದ್ದಿಯಾದದ್ದು ಮಾತ್ರ ವಾಂಡ್ಸ್‌ವರ್ತ್.

ಬೆಳಗಿನ ಜಾವದ ಟಿವಿ ಚರ್ಚೆಗಳಲ್ಲಿ ಬೇಕರ್ ಎಲ್ಲ ಕಡೆ ಕಾಣಿಸಿಕೊಂಡರು. ಇಡೀ ದೇಶದ ಮತ ಹಂಚಿಕೆ ಕೇಳಿದರೆ ವಾಂಡ್ಸ್‌ವರ್ತ್ ಅಂದರು, ಕಳೆದುಕೊಂಡ ಸ್ಥಾನ ಕೇಳಿದರೆ ವೆಸ್ಟ್‌ಮಿನ್‌ಸ್ಟರ್ ಅಂದರು. ಶುಕ್ರವಾರ, ಶನಿವಾರದ ಪತ್ರಿಕೆಗಳಲ್ಲಿ, ಅದರಲ್ಲೂ ಕನ್ಸರ್ವೇಟಿವ್ ಒಲವಿನ ಪತ್ರಿಕೆಗಳಲ್ಲಿ, ಕಿನ್ನಕ್‌ಗೆ ಮುಖಭಂಗ ಎಂಬ ಧಾಟಿ. ದೇಶದ ಲೆಕ್ಕದಲ್ಲಿ 11 ಅಂಶ ಮುಂದಿದ್ದ ನಾಯಕ ತಾನು ಸೋತಿಲ್ಲ ಎಂದು ವಿವರಣೆ ಕೊಡುತ್ತ ನಿಲ್ಲಬೇಕಾಯಿತು. ಗೆದ್ದವರು ಸಮಜಾಯಿಷಿ ಹೇಳುವುದು, ಸೋತವರು ಶಾಂಪೇನ್ ಬಿಚ್ಚುವುದು.

ಪತ್ರಕರ್ತರನ್ನು ಇಲ್ಲಿ ದೂರುವುದು ಸುಲಭ. ನಾನು ಪೂರ್ತಿ ದೂರಲಾರೆ. 31–30 ಇದ್ದದ್ದು 48–13 ಆಗುವುದು ನಿಜಕ್ಕೂ ಸುದ್ದಿಯೇ. ದೇಶವೆಲ್ಲ ತೆರಿಗೆಯ ಮೇಲೆ ಹರಿಹಾಯುತ್ತಿರುವಾಗ ಒಂದು ಊರು ಅದನ್ನು ಎತ್ತಿ ಹಿಡಿದರೆ ಯಾವ ಸಂಪಾದಕನೂ ಅದನ್ನು ಒಳಪುಟಕ್ಕೆ ತಳ್ಳಲಾರ. ಎಲ್ಲರೂ ಸೋಲುತ್ತಾರೆಂದು ಕಾಯುವಾಗ ಸೋಲು ಹಳಸಿದ ಸುದ್ದಿ. ಪತ್ರಕರ್ತರು ಎಡವಿದ್ದು ಬೇರೆ ಕಡೆ. ತಲೆಗೆ 148 ಪೌಂಡ್ ಕಟ್ಟುವವರು ಸರ್ಕಾರವನ್ನು ಬೆಂಬಲಿಸಿದರು ಎಂಬುದು ದೇಶದ ಸರಾಸರಿ 363 ಇರುವಾಗ ಯಾವುದನ್ನು ಸಾಬೀತು ಮಾಡುತ್ತದೆ? ಕಡಿಮೆ ತೆರಿಗೆ ಜನರಿಗೆ ಇಷ್ಟ ಎಂಬುದನ್ನಷ್ಟೇ. ಅದನ್ನು ತಿಳಿಯಲು ಚುನಾವಣೆ ಬೇಕಿರಲಿಲ್ಲ. ಈ ಪ್ರಶ್ನೆಯನ್ನು ಕೇಳಿದವರು ಇದ್ದರು. ಅವರ ಲೇಖನಗಳು ಒಳಪುಟದಲ್ಲಿದ್ದವು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತೇವೆ. ಥ್ಯಾಚರ್‌ಗೆ ಸಿಕ್ಕಿದ್ದು ಆರೂವರೆ ತಿಂಗಳು. ಆದರೂ ಆ ಹೊತ್ತಿಗೆ ದೊಣ್ಣೆ ತಪ್ಪಿದ್ದು ನಿಜ. ಪಕ್ಷದ ಸಂಸದರು ಪ್ರಧಾನಿಯನ್ನು ಅಳೆಯುವುದು ಒಂದೇ ಗಜಕಡ್ಡಿಯಿಂದ: ಈಕೆಯ ಹೆಸರಿನ ಮೇಲೆ ನನ್ನ ಕ್ಷೇತ್ರ ಉಳಿಯುತ್ತದೆಯೇ? ಏಪ್ರಿಲ್‌ನಲ್ಲಿ ಉಳಿಯುವುದಿಲ್ಲ ಎನ್ನುತ್ತಿದ್ದವರು ಮೇ ತಿಂಗಳಲ್ಲಿ ನೋಡೋಣ ಎಂದರು. ಹೆಸೆಲ್ಟೈನ್ ಮತ್ತೆ ಹಿಂದಿನ ಸಾಲಿಗೆ ಸರಿದು ಕೂತರು. ಬೇಸಿಗೆ ಕಳೆಯಿತು.

ನಷ್ಟವಾದದ್ದು ಎಲ್ಲೆಂದರೆ, ಹೊರಗಿನವರನ್ನು ನಂಬಿಸಲು ಹೆಣೆದ ಕಥೆಯನ್ನು ಒಳಗಿನವರೂ ನಂಬಿದರು. ಕೌನ್ಸಿಲ್ ಚೆನ್ನಾಗಿದ್ದರೆ ತಲೆಗಂದಾಯ ಗೆಲ್ಲಿಸುತ್ತದೆ ಎಂಬ ತನ್ನ ಮೂಲ ವಾದಕ್ಕೆ ವಾಂಡ್ಸ್‌ವರ್ತ್ ಪುರಾವೆ ಒದಗಿಸಿತೆಂದು ಥ್ಯಾಚರ್ ಬಗೆದರು. ತೆರಿಗೆಯನ್ನು ಕೈಬಿಡುವ ಮಾತು ಹಿಂದೆ ಸರಿಯಿತು. ಪರಿಸರ ಮಂತ್ರಿ ಕ್ರಿಸ್ ಪ್ಯಾಟನ್ ಹೆಚ್ಚಿನ ಅನುದಾನ ತಂದು ಅಲ್ಲಲ್ಲಿ ತೇಪೆ ಹಾಕಿದರು, ಅಷ್ಟೇ. ಇತ್ತ ಲಕ್ಷಾಂತರ ಜನ ಕಟ್ಟುವುದನ್ನೇ ನಿಲ್ಲಿಸಿದ್ದರು, ಮ್ಯಾಜಿಸ್ಟ್ರೇಟ್ ಕೋರ್ಟುಗಳ ಮುಂದೆ ಸಮನ್ಸ್ ಹಿಡಿದವರ ಸಾಲು ಬೆಳೆಯುತ್ತಿತ್ತು.

ಅಕ್ಟೋಬರ್ 18ರಂದು ದಕ್ಷಿಣದ ಕಡಲತೀರದ ಊರು ಈಸ್ಟ್‌ಬೋರ್ನ್‌ನಲ್ಲಿ ಉಪಚುನಾವಣೆ. ಥ್ಯಾಚರ್ ಆಪ್ತರಾಗಿದ್ದ ಇಯಾನ್ ಗೌ ಐರಿಶ್ ಉಗ್ರಗಾಮಿ ಸಂಘಟನೆ ಐಆರ್‌ಎಯ ಬಾಂಬಿಗೆ ಬಲಿಯಾಗಿ ತೆರವಾದ ಸ್ಥಾನ. ಅನುಕಂಪದ ಅಲೆ ಇರಬೇಕಾದ ಕಡೆ ಪಕ್ಷ ಲಿಬರಲ್ ಡೆಮೊಕ್ರಾಟರಿಗೆ ಸೋತಿತು. ಈ ಸೋಲನ್ನು ಬೇರೆ ಊರು ತೋರಿಸಿ ಮರೆಮಾಚುವಂತಿರಲಿಲ್ಲ. ಅಂದು ಎಣಿಸಿದ್ದು ಒಂದೇ ಊರಿನ ಮತ. ನವೆಂಬರ್ 1ರಂದು ಉಪಪ್ರಧಾನಿ ಜೆಫ್ರಿ ಹೌ ರಾಜೀನಾಮೆ ಕೊಟ್ಟರು. 13ರಂದು ಸದನದಲ್ಲಿ ಅವರು ತಣ್ಣಗೆ ಮಾಡಿದ ಭಾಷಣ ಉಳಿದ ಕೆಲಸ ಮುಗಿಸಿತು. ಮರುದಿನ ಹೆಸೆಲ್ಟೈನ್ ಕಣಕ್ಕಿಳಿದರು.

ನವೆಂಬರ್ 20ರ ಮತದಾನದಲ್ಲಿ ಥ್ಯಾಚರ್‌ಗೆ 204, ಹೆಸೆಲ್ಟೈನ್‌ಗೆ 152. ಮೊದಲ ಸುತ್ತಿನಲ್ಲೇ ಗೆಲ್ಲಲು ಪಕ್ಷದ 372 ಸಂಸದರ ಶೇ. 15ರಷ್ಟು, ಅಂದರೆ 56 ಮತಗಳ ಮುನ್ನಡೆ ಬೇಕಿತ್ತು. ಸಿಕ್ಕಿದ್ದು 52. ಇಬ್ಬರು ಸಂಸದರು ಈಚೆ ವಾಲಿದ್ದರೆ ಸಾಕಿತ್ತು. ಪ್ಯಾರಿಸ್ಸಿನ ಶೃಂಗಸಭೆಯಲ್ಲಿದ್ದ ಥ್ಯಾಚರ್ ರಾಯಭಾರ ಕಚೇರಿಯ ಮೆಟ್ಟಿಲಿಳಿದು ಬಂದು, ಎರಡನೇ ಸುತ್ತಿಗೂ ನಿಲ್ಲುವೆನೆಂದು ಮೈಕುಗಳ ಮುಂದೆ ಘೋಷಿಸಿದರು. ಲಂಡನ್ನಿಗೆ ಮರಳಿದ ಮೇಲೆ ಮಂತ್ರಿಗಳು ಒಬ್ಬೊಬ್ಬರಾಗಿ ಕೋಣೆಗೆ ಬಂದು, ನಮ್ಮ ಮತ ನಿಮಗೇ, ಆದರೆ ನೀವು ಗೆಲ್ಲುವುದಿಲ್ಲ ಎಂದರು. 22ರ ಬೆಳಿಗ್ಗೆ ರಾಜೀನಾಮೆ. ಎರಡನೇ ಸುತ್ತಿನಲ್ಲಿ ಗೆದ್ದು ಪ್ರಧಾನಿಯಾದವರು ಜಾನ್ ಮೇಜರ್. ಹೆಸೆಲ್ಟೈನ್‌ಗೆ ಅವರು ಪರಿಸರ ಖಾತೆ ಕೊಟ್ಟರು, ತಲೆಗಂದಾಯವನ್ನು ಮಣ್ಣು ಮಾಡುವ ಕೆಲಸದ ಜೊತೆಗೆ. ಬೇಕರ್ ಗೃಹಮಂತ್ರಿಯಾದರು; ಕಥೆ ಕಟ್ಟುವವರಿಗೆ ಎಲ್ಲ ಸರ್ಕಾರದಲ್ಲೂ ಜಾಗವಿರುತ್ತದೆ. 1991ರ ಮಾರ್ಚ್‌ನಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ 17.5ಕ್ಕೆ ಏರಿಸಿ, ಬಂದ ಹಣದಲ್ಲಿ ತಲೆಗೆ 140 ಪೌಂಡ್ ಇಳಿಸಲಾಯಿತು. ಅದರಿಂದ ಆ ವರ್ಷ ವಾಂಡ್ಸ್‌ವರ್ತ್‌ನ ತಲೆಗಂದಾಯ ಸೊನ್ನೆಗೆ ಇಳಿಯಿತು. 1993ರ ಏಪ್ರಿಲ್‌ನಲ್ಲಿ ತಲೆಗಂದಾಯ ಹೋಗಿ, ಮನೆಯ ಬೆಲೆಯನ್ನು ಆಧರಿಸಿದ ಕೌನ್ಸಿಲ್ ತೆರಿಗೆ ಬಂತು.

ವೆಸ್ಟ್‌ಮಿನ್‌ಸ್ಟರ್‌ನ ಲೆಕ್ಕ ಇತ್ಯರ್ಥವಾಗಲು ಇನ್ನೂ ಸಮಯ ಹಿಡಿಯಿತು. ಲೆಕ್ಕ ಪರಿಶೋಧಕ ಜಾನ್ ಮ್ಯಾಗಿಲ್ ವರ್ಷಗಟ್ಟಲೆ ಕಡತ ಕೆದಕಿ, ಮನೆ ಮಾರಾಟದ ನೀತಿ ಮತಕ್ಕಾಗಿ ನಡೆಸಿದ ಕಾನೂನುಬಾಹಿರ ಕೆಲಸವೆಂದು 1996ರಲ್ಲಿ ತೀರ್ಪಿತ್ತರು. ಮೇಲ್ಮನವಿ ಮೇಲೆ ಮೇಲ್ಮನವಿ ಹೋಯಿತು. 2001ರ ಡಿಸೆಂಬರ್ 13ರಂದು ಹೌಸ್ ಆಫ್ ಲಾರ್ಡ್ಸ್ ಮ್ಯಾಗಿಲ್ ಅವರ ತೀರ್ಪನ್ನು ಎತ್ತಿಹಿಡಿಯಿತು. ಬಡ್ಡಿಯೂ ಸೇರಿ ಪೋರ್ಟರ್ ಕೊಡಬೇಕಾದ ಮೊತ್ತ 4 ಕೋಟಿ ಪೌಂಡ್ ದಾಟಿತ್ತು. 2004ರಲ್ಲಿ ಸುಮಾರು 1 ಕೋಟಿ 23 ಲಕ್ಷಕ್ಕೆ ರಾಜಿಯಾಯಿತು. 1990ರ ಮೇ 4ರ ಬೆಳಿಗ್ಗೆ ದೇಶಕ್ಕೇ ಮಾದರಿ ಎಂದು ಹೊಗಳಿಸಿಕೊಂಡ ಆಡಳಿತ ಅದು.

ಎರಡು ಬರೋಗಳೂ ಕನ್ಸರ್ವೇಟಿವ್ ಕೈಯಲ್ಲೇ ದಶಕಗಳ ಕಾಲ ಉಳಿದವು. ಪ್ರತಿ ಸ್ಥಳೀಯ ಚುನಾವಣೆಯ ರಾತ್ರಿಯೂ ಟಿವಿಯವರು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗುವ ಅಭ್ಯಾಸ ಮಾತ್ರ ಬಿಡಲಿಲ್ಲ. ಬೇಕರ್ ನೆಟ್ಟ ಅಳತೆಗೋಲನ್ನು ಎಲ್ಲ ಪಕ್ಷಗಳೂ ಬಳಸತೊಡಗಿದ್ದವು. 2022ರ ಮೇ 5ರಂದು ಅದು ತಿರುಗಿ ಬಿತ್ತು. ಬೋರಿಸ್ ಜಾನ್ಸನ್ ಲಾಕ್‌ಡೌನ್ ಕಾಲದ ಪಾರ್ಟಿಗಳ ಹಗರಣದಲ್ಲಿ ಸಿಕ್ಕಿಕೊಂಡಿದ್ದ ಕಾಲ. ವಾಂಡ್ಸ್‌ವರ್ತ್ 44 ವರ್ಷದ ಬಳಿಕ ಲೇಬರ್ ಪಾಲಾಯಿತು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಲೇಬರ್ ಗೆದ್ದದ್ದು ಆ ಕೌನ್ಸಿಲ್ ಹುಟ್ಟಿದಂದಿನಿಂದ ಅದೇ ಮೊದಲು. ಈ ಸಲ ಕನ್ಸರ್ವೇಟಿವ್ ಪಕ್ಷದವರು ಲಂಡನ್ನೇ ಇಡೀ ದೇಶವಲ್ಲ, ಉತ್ತರದ ಊರುಗಳನ್ನು ನೋಡಿ ಎಂದು ವಾದಿಸಿದರು. ವಾದ ಸರಿಯೇ ಇತ್ತು, 32 ವರ್ಷ ತಡವಾಗಿತ್ತು. ಫಲಿತಾಂಶ ಹೊರಬೀಳುತ್ತಿದ್ದ ಶುಕ್ರವಾರವೇ ಲೇಬರ್ ನಾಯಕ ಕೀರ್ ಸ್ಟಾರ್ಮರ್ ಮೇಲೆ ಡರ್ಹಮ್ ಪೊಲೀಸರು ಲಾಕ್‌ಡೌನ್ ಉಲ್ಲಂಘನೆಯ ತನಿಖೆ ಪ್ರಕಟಿಸಿದ್ದರಿಂದ ಅವರ ಗೆಲುವಿನ ಸುದ್ದಿಯೂ ಅರ್ಧಕ್ಕೆ ಮೊಟಕಾಯಿತು. ಪೊಲೀಸರು ಜುಲೈನಲ್ಲಿ ಅವರನ್ನು ನಿರ್ದೋಷಿ ಎಂದರು. ಜಾನ್ಸನ್ ಜೂನ್ 6ರ ವಿಶ್ವಾಸಮತವನ್ನು 211–148ರಲ್ಲಿ ಗೆದ್ದು, ಜುಲೈ 7ರಂದು ರಾಜೀನಾಮೆ ಘೋಷಿಸಿದರು. ವಾಂಡ್ಸ್‌ವರ್ತ್‌ನಲ್ಲಿ ಗೆದ್ದ ಲೇಬರ್ ಕೌನ್ಸಿಲ್ ಚುನಾವಣೆಗೆ ಮುಂಚೆ ಕೊಟ್ಟಿದ್ದ ಭರವಸೆಗಳಲ್ಲಿ ಮುಖ್ಯವಾದದ್ದು, ಕನ್ಸರ್ವೇಟಿವ್ ಕಾಲದ ಕಡಿಮೆ ತೆರಿಗೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ ಎಂಬುದು.